ಪ್ರಕಾರನಾಮ ಮತ್ತು ವ್ಯಾಪ್ತಿ: ಸಿ ಭಾಷೆಯ ಒಂದು ದೋಷವನ್ನು ಕುರಿತು

ಹೆಸರೊಂದು ಕಿವಿಗೆ ಬಿದ್ದ ಮಾತ್ರಕ್ಕೆ ಅದು ಯಾರನ್ನು ಸೂಚಿಸುತ್ತದೆಂಬುದು ನಿರ್ಣಯವಾಗದು. ಉಚ್ಚರಿಸಿದ ಎಡೆಯನ್ನೂ ನೋಡಬೇಕಾಗುತ್ತದೆ. ಶ್ರವಣಬೆಳಗೊಳ ಮತ್ತು ಮೂಡಬಿದಿರೆಗಳ ಜೈನಮಠಗಳೆರಡರಲ್ಲಿಯೂ ಪೀಠವನ್ನೇರಿದ ಭಟ್ಟಾರಕರಿಗೆ ಚಾರುಕೀರ್ತಿ ಎಂಬ ಅಭಿಧಾನವು ಪರಂಪರೆಯಿಂದ ಬಂದಿದೆ. ಮೂಡಬಿದಿರೆಯ ಒಳಗೆ ಆ ಹೆಸರಷ್ಟೇ ಸಾಕು. ಹೊರಗೆ ಮಠದ ಹೆಸರನ್ನೂ ಕೂಡಿಸಬೇಕು. ಕಂಪೈಲರು ಮಾಡುವ ವ್ಯಾಪ್ತಿನಿರ್ಣಯವೂ ತತ್ತ್ವತಃ ಇದೇ. ಒಳಗಿನ ಆವರಣದಲ್ಲಿ ಹೆಸರು ದೊರೆತರೆ ಅದನ್ನೇ ಗ್ರಹಿಸುವುದು, ಇಲ್ಲವಾದರೆ ಅದನ್ನು ಸುತ್ತಿದ ಆವರಣಕ್ಕೆ ಹೋಗುವುದು: 1960ರ ಆಲ್ಗಾಲ್ ವರದಿಯಿಂದ ಈ ಕ್ರಮವು ಪ್ರಸಿದ್ಧವಾಯಿತು.

ಇದರೊಡನೆ ಮತ್ತೊಂದು ಭೇದವನ್ನು ಗಮನಿಸಬೇಕು. ವೇಣೂರಿನಲ್ಲಿ 1604ರಲ್ಲಿ ಬಾಹುಬಲಿಯನ್ನು ಪ್ರತಿಷ್ಠಿಸಿದ ತಿಮ್ಮಣ್ಣ ಅಜಿಲನ ಹೆಸರಿನಲ್ಲಿ ‘ತಿಮ್ಮಣ್ಣ’ ಎಂಬುದು ವ್ಯಕ್ತಿಯನ್ನೂ ‘ಅಜಿಲ’ ಎಂಬುದು ವಂಶವನ್ನೂ ಹೇಳುತ್ತದೆ. ಮೂಡಬಿದಿರೆಯ ಚೌಟರು, ಬೆಳ್ತಂಗಡಿ ಸೀಮೆಯ ಬಂಗಾಡಿ ಮತ್ತು ಬಂಟ್ವಾಳ ಸೀಮೆಯ ನಂದಾವರಗಳ ಬಂಗರು, ಇವೂ ವಂಶನಾಮಗಳೇ. ಪ್ರೋಗ್ರಾಮಿನಲ್ಲಿ ಚರಾಂಶದ ಹೆಸರು ವ್ಯಕ್ತಿನಾಮದಂತೆ, ಪ್ರಕಾರನಾಮವು ವಂಶನಾಮದಂತೆ. ಇವೆರಡರ ಅಂತರವು ಓದುಗನಿಗೆ ಸ್ಪಷ್ಟವಾಗಿರಬೇಕಾದುದು ನ್ಯಾಯ.

ಸಿ ಭಾಷೆಯು ಈ ನ್ಯಾಯವನ್ನು ಪಾಲಿಸಿಲ್ಲವೆಂಬುದೇ ನಮ್ಮ ಆಕ್ಷೇಪ. ಅಲ್ಲಿ ‘ಟೈಪ್‌ಡೆಫ್’ ಎಂಬುದರಿಂದ ಹೊಸ ಪ್ರಕಾರನಾಮವನ್ನು ಕಲ್ಪಿಸಬಹುದು. ಆದರೆ ಆ ಹೆಸರು ರೂಪದಲ್ಲಿ ಚರಾಂಶದ ಹೆಸರಿಗಿಂತ ಭಿನ್ನವಲ್ಲ. ಆದ್ದರಿಂದ ‘ಕ * ಗ;’ ಎಂಬ ವಾಕ್ಯಕ್ಕೆ ಎರಡು ಅರ್ಥಗಳುಂಟಾಗುತ್ತವೆ. ‘ಕ’ ಚರಾಂಶವಾದರೆ ಇದು ಗುಣಾಕಾರ. ಪ್ರಕಾರನಾಮವಾದರೆ ‘ಗ’ ಎಂಬ ಪಾಯಿಂಟರಿನ ಘೋಷಣೆ. ಒಳಗಿನ ಆವರಣದಲ್ಲಿ ‘ಕ’ ಎಂಬ ಚರಾಂಶವನ್ನು ಘೋಷಿಸಿದರೆ ಹೊರಗಿನ ಪ್ರಕಾರನಾಮವು ಮರೆಯಾಗಿ, ಅದೇ ವಾಕ್ಯದ ಅರ್ಥವು ಬೇರೆಯಾಗುತ್ತದೆ.

ಪದವಿಭಜನೆ, ವಾಕ್ಯವಿಶ್ಲೇಷಣೆ, ಅರ್ಥವಿಚಾರ ಎಂದು ಪಠ್ಯಪುಸ್ತಕಗಳು ಕಂಪೈಲರಿನ ಹಂತಗಳನ್ನು ವಿಂಗಡಿಸುತ್ತವೆ. ಮೊದಲ ಹಂತಕ್ಕೆ ಅರ್ಥದ ಗೊಡವೆಯಿಲ್ಲವೆಂದು ಬೋಧಿಸುತ್ತವೆ. ಸಿ ಭಾಷೆಯ ಸಾಂಪ್ರದಾಯಿಕ ಕಂಪೈಲರುಗಳಲ್ಲಾದರೋ ಪದವಿಭಾಜಕವು ಪ್ರತಿ ಹೆಸರಿಗೂ ನಾಮಕೋಷ್ಟಕವನ್ನು ಕೇಳಿಯೇ ಮುಂದುವರಿಯಬೇಕು. ವಿಂಗಡಣೆಯನ್ನು ಕಲಿತು ಬಂದ ವಿದ್ಯಾರ್ಥಿಯು ಇಲ್ಲಿ ತಬ್ಬಿಬ್ಬಾಗಿ, ದೋಷವು ತನ್ನ ಬುದ್ಧಿಯದೆಂದು ಭಾವಿಸುತ್ತಾನೆ. ದೋಷವಿರುವುದು ಭಾಷೆಯ ರಚನೆಯಲ್ಲಿ.

ಇದು ಅನಿವಾರ್ಯವೆಂದು ವಾದಿಸುವಂತಿಲ್ಲ. 1970ರ ಪ್ಯಾಸ್ಕಲ್ ಭಾಷೆಯಲ್ಲಿ ಹೆಸರು ಮೊದಲು, ವಿರಾಮಚಿಹ್ನೆಯ ಬಳಿಕ ಪ್ರಕಾರ. ವಾಕ್ಯದ ರೂಪದಿಂದಲೇ ಘೋಷಣೆಯು ತಿಳಿಯುತ್ತದೆ. 1990ರ ಹ್ಯಾಸ್ಕೆಲ್ ಭಾಷೆಯಲ್ಲಿ ಪ್ರಕಾರದ ಹೆಸರು ದೊಡ್ಡಕ್ಷರದಿಂದಲೂ ಚರಾಂಶದ ಹೆಸರು ಚಿಕ್ಕಕ್ಷರದಿಂದಲೂ ಆರಂಭವಾಗುತ್ತದೆ. ಮೂಡಬಿದಿರೆ, ಪಡುಬಿದಿರೆ ಎಂದು ನಮ್ಮ ಹಿರಿಯರು ಊರಿನ ಹೆಸರಿನಲ್ಲಿಯೇ ದಿಕ್ಕನ್ನಿರಿಸಿದಂತೆ ಇದೊಂದು ವಿವೇಕ. ಸಿ ಭಾಷೆಯಲ್ಲಿಯೂ ‘ಸ್ಟ್ರಕ್ಟ್’ ಎಂಬ ಪದವು ಮುಂದಿರುವಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆ ಮೇಲ್ಪಂಕ್ತಿಯನ್ನು ‘ಟೈಪ್‌ಡೆಫ್’ ಅನುಸರಿಸಲಿಲ್ಲ. ಇದರ ಫಲವನ್ನು ಸಿ ಪ್ಲಸ್ ಪ್ಲಸ್ ಅನುಭವಿಸಿತು. ಅದರ ಟೆಂಪ್ಲೇಟುಗಳಲ್ಲಿ ‘ಟ::ಕ * ಗ;’ ಎಂದು ಬರೆದರೆ ಗುಣಾಕಾರವೆಂದೇ ಗ್ರಹಣ; ಪ್ರಕಾರವೆಂದು ತಿಳಿಸಲು ‘ಟೈಪ್‌ನೇಮ್’ ಎಂಬ ಪದವನ್ನು ಹಿಂದೆ ಸೇರಿಸಬೇಕು. ಕಂಪೈಲರಿನ ಸಂದೇಹವನ್ನು ಬರೆಯುವವನೇ ಪರಿಹರಿಸಬೇಕಾಯಿತು.

ಕೆಲವು ಅಕ್ಷರಗಳ ಬರವಣಿಗೆ ಉಳಿಯುವುದೆಂಬುದು ಟೈಪ್‌ಡೆಫಿನ ಪರವಾದ ಸಮಾಧಾನ. ಪ್ರೋಗ್ರಾಮನ್ನು ಬರೆಯುವುದು ಒಮ್ಮೆ, ಓದುವುದು ಹಲವು ಬಾರಿ. ಆದ್ದರಿಂದ ಈ ಉಳಿತಾಯವು ಲಾಭವಲ್ಲ.

ಕಡೆಯದಾಗಿ ಅಧ್ಯಾಪಕರಲ್ಲಿ ಒಂದು ಅರಿಕೆ. ‘ಟೈಪ್’, ‘ಕ್ಲಾಸ್’ ಎಂಬೆರಡನ್ನೂ ಕನ್ನಡದಲ್ಲಿ ‘ವರ್ಗ’ ಎಂದೇ ಕರೆದರೆ, ಯಾವ ದೋಷವನ್ನು ಇಲ್ಲಿ ಆಕ್ಷೇಪಿಸಿದೆವೋ ಅದೇ ನಮ್ಮ ಪಾಠಗಳಲ್ಲಿಯೂ ತಲೆದೋರುತ್ತದೆ. ಮೊದಲನೆಯದಕ್ಕೆ ‘ಪ್ರಕಾರ’, ಎರಡನೆಯದಕ್ಕೆ ‘ವರ್ಗ’ ಎಂದು ವ್ಯವಸ್ಥೆ ಮಾಡಿಕೊಳ್ಳುವುದು ಯುಕ್ತ.