ತೊಳೆದು ಕೊಲ್ಲುವ ರೂಢಿ

ನಮ್ಮ ಮನೆಗಳಲ್ಲಿ ಅಕ್ವೇರಿಯಂ ನೋಡಿಕೊಳ್ಳುವ ಪರಿಚಿತ ಕ್ರಮ ಇದು: ಗಾಜು ಹಸಿರಾಗುವ ತನಕ ಸುಮ್ಮನಿರುವುದು, ಆಮೇಲೊಂದು ಭಾನುವಾರ ಮೀನುಗಳನ್ನು ಬಕೆಟ್ಟಿಗೆ ಹಾಕಿ, ತೊಟ್ಟಿ ಬರಿದು ಮಾಡಿ, ಜಲ್ಲಿಯನ್ನೂ ಫಿಲ್ಟರಿನ ಸ್ಪಂಜನ್ನೂ ನಲ್ಲಿಯ ಕೆಳಗೆ ಉಜ್ಜಿ, ಹೊಸ ನೀರು ತುಂಬುವುದು. ತೊಟ್ಟಿ ಫಳಫಳ ಹೊಳೆಯುತ್ತದೆ. ವಾರದೊಳಗೆ ಮೀನುಗಳು ಸಾಯತೊಡಗಿದರೆ ಅಂಗಡಿಯವನು ಕೊಟ್ಟ ಮೀನೇ ಸರಿಯಿರಲಿಲ್ಲ ಎಂಬ ತೀರ್ಮಾನ.

ಈ ರೂಢಿಯಷ್ಟು ಹಾನಿಕರವಾದದ್ದು ಈ ಹವ್ಯಾಸದಲ್ಲಿ ಇನ್ನೊಂದಿಲ್ಲ. ಮೀನು ತನ್ನ ಕಿವಿರುಗಳ ಮೂಲಕವೇ ಅಮೋನಿಯಾ ಹೊರಹಾಕುತ್ತದೆ. ಅದನ್ನು ಮೊದಲು ನೈಟ್ರೈಟ್, ನಂತರ ಅಷ್ಟೇನೂ ವಿಷವಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಇರುವುದು ನೀರಿನಲ್ಲಿ ಅಲ್ಲ, ಆ ಜಲ್ಲಿ ಮತ್ತು ಸ್ಪಂಜಿನ ಮೈಮೇಲೆ. ಅವು ಬೇರೂರಲು ವಾರಗಟ್ಟಲೆ ಬೇಕು. ಕ್ಲೋರಿನ್ ನೀರಿನಲ್ಲಿ ಉಜ್ಜಿದರೆ ಅವು ಅರ್ಧ ಗಂಟೆಯಲ್ಲಿ ಹಾಳು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಬೇಕು.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 54 ಲೀಟರ್ ಹಿಡಿಯುತ್ತದೆ. ಕಾಲು ಭಾಗವೆಂದರೆ ಒಂದು ಬಕೆಟ್ಟೂ ಇಲ್ಲ. ಇಷ್ಟು ಹಗುರವಾದ ಕೆಲಸ ತಪ್ಪಿಹೋಗುವುದು ಅಜ್ಞಾನದಿಂದಲ್ಲ, ಮಗ್‌ನಲ್ಲಿ ಮೊಗೆದು, ನೆಲ ಒದ್ದೆ ಮಾಡಿಕೊಂಡು, ಬೇಸತ್ತು. ಹಾಗಾಗಿ ಸಲಕರಣೆ ಇಲ್ಲಿ ಐಷಾರಾಮವಲ್ಲ. ಬಾಲ್ಕನಿಯ ಕುಂಡದವರೆಗೆ ತಲುಪುವಷ್ಟು ಉದ್ದದ ಸೈಫನ್ ಪೈಪ್ ಇದ್ದರೆ ಜಲ್ಲಿಯೊಳಗಿನ ಕಸವೂ ಬರುತ್ತದೆ, ನೈಟ್ರೇಟ್ ತುಂಬಿದ ನೀರು ಗಿಡಕ್ಕೂ ಆಗುತ್ತದೆ. ತುಂಬಿಸಲು ಬಕೆಟ್ಟಿನಲ್ಲಿ ಮುಳುಗಿಸುವ ಒಂದು ಕೂಲರ್ ಪಂಪ್ ಸಾಕು; ಯಾರೂ ಬಕೆಟ್ ಎತ್ತಬೇಕಿಲ್ಲ. ಕೈ ಹಾಕುವ ಮುಂಚೆ ಹೀಟರ್, ಪಂಪ್‌ಗಳ ಪ್ಲಗ್ ಕಿತ್ತಿಡುವುದನ್ನು ಮಾತ್ರ ಯಾರೂ ಮರೆಯಬಾರದು.

ಇನ್ನು ನಲ್ಲಿ ನೀರು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಕೇಳುತ್ತದೆ. ನಮ್ಮನ್ನು ರೋಗದಿಂದ ಕಾಯುವ ಆ ಪ್ರಮಾಣವೇ ಕಿವಿರು ಸುಡಲು ಸಾಕು. ರಾತ್ರಿಯಿಡೀ ಬಕೆಟ್ಟಿನಲ್ಲಿ ನೀರು ತೆರೆದಿಡುವ ಹಳೆಯ ಪದ್ಧತಿ ಒಳ್ಳೆಯದೇ, ಏರ್ ಸ್ಟೋನ್ ಹಾಕಿದರೆ ಇನ್ನೂ ಒಳ್ಳೆಯದು. ಆದರೆ ಅದಕ್ಕೊಂದು ಮಿತಿಯಿದೆ: ಕ್ಲೋರಿನ್ ಬದಲು ಸುಲಭವಾಗಿ ಹಾರಿಹೋಗದ ಕ್ಲೋರಮೈನ್ ಬಳಸುವ ಊರುಗಳಲ್ಲಿ ಅದು ನಡೆಯದು. ಸ್ಯಾನ್ ಫ್ರಾನ್ಸಿಸ್ಕೋ 2004ರಲ್ಲಿ ಕ್ಲೋರಮೈನ್‌ಗೆ ಬದಲಾಯಿತು. ಅಲ್ಲಿ ನೆಲೆಸಿ ಮೀನು ಸಾಕುವ ಕನ್ನಡಿಗರಿಗೆ ಊರಿನಿಂದ ಕಲಿತು ಹೋದ ಬಕೆಟ್ ಉಪಾಯ ಕೈಕೊಡುತ್ತದೆ.

ಅಂಗಡಿಯ ‘ಆಂಟಿ ಕ್ಲೋರಿನ್’ ಹನಿಗಳಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್, ಫೋಟೋ ತೊಳೆಯುವವರ ಹೈಪೋ. ಒಂದು ಮಿಲಿಗ್ರಾಂ ಕ್ಲೋರಿನ್ ಅಳಿಸಲು ಸುಮಾರು 7 ಮಿಲಿಗ್ರಾಂ ಹರಳು ಬೇಕು. ಅಗ್ಗ, ಕ್ಷಣದ ಕೆಲಸ. ಇದಕ್ಕೆ ನನ್ನ ಪೂರ್ತಿ ಮತ. ಬಕೆಟ್ಟಿನಲ್ಲಿ ಬೆರೆಸುವುದಾದರೆ ಬಕೆಟ್ಟಿನ ಲೆಕ್ಕ. ಪೈಪಿನಿಂದ ನೇರ ತೊಟ್ಟಿಗೆ ಬಿಡುವುದಾದರೆ ಮೊದಲೇ ಇಡೀ ತೊಟ್ಟಿಯ ಲೆಕ್ಕಕ್ಕೆ ಹಾಕಬೇಕು.

ಬೆಂಗಳೂರಿನಲ್ಲಿ ಕಾವೇರಿ ನೀರು ಸಂಪಿನಲ್ಲಿ, ಮೇಲಿನ ಟ್ಯಾಂಕಿನಲ್ಲಿ ಕೂತು ಬರುವಾಗ ಕ್ಲೋರಿನ್ ಕೊಂಚ ಕಳೆದುಕೊಂಡಿರುತ್ತದೆ ನಿಜ, ಆದರೆ ಅದನ್ನೇ ನಂಬಿ ಹನಿ ಹಾಕದೆ ಬಿಡುವುದು ಸರಿಯಲ್ಲ. ಏಪ್ರಿಲ್ ಮಧ್ಯಾಹ್ನ ಅದೇ ಟ್ಯಾಂಕಿನ ನೀರು ಬಿಸಿಯಾಗಿರುತ್ತದೆ. ಬೆಳಗ್ಗೆಯೇ ಬದಲಿಸುವುದು ಲೇಸು. ಟ್ಯಾಂಕರ್ ನೀರಿಗೆ ಎಷ್ಟು ಬ್ಲೀಚಿಂಗ್ ಪುಡಿ ಬಿದ್ದಿದೆಯೋ ಹೇಳಲಾಗದು, ಅದಕ್ಕೆ ಹನಿಯ ಜೊತೆ ಒಂದು ರಾತ್ರಿಯ ವಿರಾಮವೂ ಬೇಕು. ಬೋರ್‌ವೆಲ್ ನೀರಿಗೆ ಕ್ಲೋರಿನ್ ಇಲ್ಲದಿದ್ದರೂ ಗಡಸುತನ ಹೆಚ್ಚು, ಆಮ್ಲಜನಕ ಕಡಿಮೆ. ಬರಿಯ ಆರ್‌ಓ ನೀರು ಶುದ್ಧವೆಂದು ಸುರಿಯುವವರಿದ್ದಾರೆ. ಅದರಲ್ಲಿ ಲವಣಗಳೇ ಇಲ್ಲದೆ ಪಿಎಚ್ ಏರುಪೇರಾಗುತ್ತದೆ. ಗಡಸು ಬೋರ್ ನೀರನ್ನು ಮೆತ್ತಗಾಗಿಸಲು ಅದನ್ನು ಬೆರೆಸುವುದಾದರೆ ಮಾತ್ರ ಉಪಯೋಗ.