ಏಕರೂಪದ ಮೋಹ: ಟಾಮ್ ಮೋಲ್ಡ್‌ವೇಯ ದಾಳಗಳ ಪರವಾಗಿ

ಮೇಜಿನ ಸುತ್ತ ಕುಳಿತು, ಮಾತು ಮತ್ತು ದಾಳಗಳಿಂದಲೇ ಒಂದು ಕಲ್ಪಿತ ಲೋಕವನ್ನು ನಡೆಸುವ ಪಾತ್ರಾಭಿನಯದ ಆಟಗಳ ಬಗ್ಗೆ ಬರೆಯುವವರಲ್ಲಿ ಒಂದು ತೀರ್ಪು ಎಷ್ಟು ರೂಢವಾಗಿದೆಯೆಂದರೆ, ಅದನ್ನು ಉಚ್ಚರಿಸುವವರು ಸಮರ್ಥಿಸುವ ಗೋಜಿಗೇ ಹೋಗುವುದಿಲ್ಲ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಮೊದಲ ನಿಯಮಗಳು ಹವ್ಯಾಸಿಗಳ ತೇಪೆಕೆಲಸವೆಂದೂ, ಅದಕ್ಕೆ ವಿನ್ಯಾಸವೆನ್ನಬಹುದಾದ ಗುಣ ಬಂದದ್ದು 2000ದಲ್ಲಿ, ಜೊನಾಥನ್ ಟ್ವೀಟ್, ಮಾಂಟಿ ಕುಕ್ ಮತ್ತು ಸ್ಕಿಪ್ ವಿಲಿಯಮ್ಸ್ ರೂಪಿಸಿದ ಮೂರನೆಯ ಆವೃತ್ತಿಯಿಂದಲೆಂದೂ ಆ ತೀರ್ಪು ಸಾರುತ್ತದೆ. ಹಳೆಯ ಆಟದಲ್ಲಿ ಕತ್ತಿ ಬೀಸಲು ಇಪ್ಪತ್ತು ಮುಖದ ದಾಳ, ಬಾಗಿಲು ಒಡೆಯಲು ಆರು ಮುಖದ್ದು, ಕಳ್ಳನು ಬೀಗ ತೆರೆಯಲು ಶೇಕಡಾ ಲೆಕ್ಕ. ಹೊಸದರಲ್ಲಿ ಇವೆಲ್ಲಕ್ಕೂ ಇಪ್ಪತ್ತು ಮುಖದ ಒಂದೇ ದಾಳ, ಬಿದ್ದ ಗರಕ್ಕೆ ಒಂದಿಷ್ಟು ಕೂಡಿಸಿ ಗೊತ್ತುಮಾಡಿದ ಅಂಕವನ್ನು ಮುಟ್ಟಬೇಕೆಂಬ ಒಂದೇ ಸೂತ್ರ. ಇದು ಕಲಿಯಲು ಸುಲಭವೆಂಬುದು ನಿಜ. ಆದರೆ ಕಲಿಯುವ ಸೌಲಭ್ಯವನ್ನೇ ವಿನ್ಯಾಸದ ಗುಣವೆಂದು ಎಣಿಸಿದಲ್ಲಿ ಈ ತೀರ್ಪು ಎಡವಿದೆ.

1971ರ ‘ಚೈನ್‌ಮೇಲ್’ ಎಂಬ ಯುದ್ಧದಾಟದ ಬೇರಿನಿಂದ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ಬೆಳೆಸಿದ ಈ ಪರಂಪರೆಯಲ್ಲಿ ಸಮರ್ಥಿಸಲಾಗದ್ದು ಬೇಕಾದಷ್ಟಿದೆ. 1977ರಿಂದ 1979ರವರೆಗೆ ಗೈಗ್ಯಾಕ್ಸ್ ಹೊರತಂದ ಬೃಹತ್ ಸಂಪುಟಗಳಲ್ಲಿ ಒಂದೊಂದು ಆಯುಧವನ್ನೂ ಒಂದೊಂದು ಬಗೆಯ ಕವಚದ ಎದುರಿಟ್ಟು ಅಂಕ ನಿಗದಿಪಡಿಸಿದ ಕೋಷ್ಟಕವಿದೆ. ಅದನ್ನು ಭಕ್ತರೂ ಬಳಸುತ್ತಿದ್ದಂತೆ ತೋರುವುದಿಲ್ಲ. ಆದರೆ ಪರಂಪರೆಯನ್ನು ತೂಗಬೇಕಾದದ್ದು ಅದರ ಮೇರುಕೃತಿಯಿಂದ. ಆ ಕೃತಿ 1981ರಲ್ಲಿ ಟಾಮ್ ಮೋಲ್ಡ್‌ವೇ ಸಂಪಾದಿಸಿದ, ಕೇವಲ 64 ಪುಟಗಳ ‘ಬೇಸಿಕ್’ ಪುಸ್ತಕ.

ಮೋಲ್ಡ್‌ವೇಯಲ್ಲಿ ನೆಲಮಾಳಿಗೆಯ ಅನ್ವೇಷಣೆ ಹತ್ತು ನಿಮಿಷಗಳ ಒಂದೊಂದು ‘ಸರದಿ’ಯಾಗಿ ಸಾಗುತ್ತದೆ. ಪಂಜು ಆರು ಸರದಿ ಉರಿಯುತ್ತದೆ. ಗುಪ್ತದ್ವಾರಕ್ಕಾಗಿ ಹತ್ತಡಿ ಚೌಕದ ಜಾಗವನ್ನು ತಡಕಲು ಒಂದು ಸರದಿ ಬೇಕು. ಎರಡು ಸರದಿಗೊಮ್ಮೆ ಸೂತ್ರಧಾರ, ಅಂದರೆ ಆಟ ನಡೆಸುವವನು, ಆರು ಮುಖದ ದಾಳ ಉರುಳಿಸಿ, ಒಂದು ಬಿದ್ದರೆ ಅಲೆಮಾರಿ ಪ್ರಾಣಿಯೊಂದನ್ನು ಎದುರು ನಿಲ್ಲಿಸುತ್ತಾನೆ. ಹಾಗಾಗಿ ಒಂದು ಪಂಜು ಆರುವಷ್ಟರಲ್ಲಿ ಅಂಥ ಮೂರು ಗರಗಳು ಬೀಳುತ್ತವೆ, ಒಂದಾದರೂ ಭೇಟಿಯಾಗುವ ಸಂಭವ ಸುಮಾರು 42 ಪ್ರತಿಶತ. ‘ಈ ಗೋಡೆಯನ್ನೂ ತಡಕಿ ನೋಡೋಣ’ ಎಂಬ ಸಾದಾ ಮಾತಿಗೆ ಬೆಳಕಿನ ಬೆಲೆಯೂ ಜೀವಭಯದ ಬೆಲೆಯೂ ಅಂಟಿಕೊಳ್ಳುವುದು ಹೀಗೆ. 2014ರ ಐದನೆಯ ಆವೃತ್ತಿಯಲ್ಲಿ ಬೆಳಕು ಮಾಡುವ ಮಂತ್ರ ಬೇಕೆಂದಾಗಲೆಲ್ಲ ಖರ್ಚಿಲ್ಲದೆ ಸಿಗುತ್ತದೆ. ಆ ಒಂದು ಉದಾರತೆಯಿಂದ ಕತ್ತಲೆ ವರ್ಣನೆಯ ಮಾತಾಗಿ ಉಳಿಯಿತು.

ಎದುರಾದ ಪ್ರಾಣಿ ಏನು ಮಾಡುತ್ತದೆಂಬುದಕ್ಕೆ ಮೋಲ್ಡ್‌ವೇ ಎರಡು ಆರುಮುಖದ ದಾಳಗಳನ್ನು ಕೂಡಿಸುವ ‘ಪ್ರತಿಕ್ರಿಯಾ ಕೋಷ್ಟಕ’ವನ್ನು ಕೊಡುತ್ತಾನೆ. ಎರಡು ಬಿದ್ದರೆ ತಕ್ಷಣದ ಆಕ್ರಮಣ, ಹನ್ನೆರಡು ಬಿದ್ದರೆ ತುಂಬುಹೃದಯದ ಸ್ನೇಹ. ಮೂವತ್ತಾರರಲ್ಲಿ ಇವೆರಡಕ್ಕೂ ಒಂದೊಂದೇ ಅವಕಾಶ, ಆರರಿಂದ ಎಂಟರವರೆಗಿನ ಅನಿಶ್ಚಯಕ್ಕೆ ಹದಿನಾರು. ಇಪ್ಪತ್ತು ಮುಖದ ಒಂಟಿ ದಾಳದಲ್ಲಿ ಒಂದು, ಹತ್ತು, ಇಪ್ಪತ್ತು ಎಲ್ಲವೂ ಸಮಸಂಭವ. ಎರಡು ದಾಳ ಕೂಡಿದಾಗ ಮಾತ್ರ ನಡುವಿನ ಅಂಕಗಳು ದಟ್ಟವಾಗುತ್ತವೆ. ಅಪರಿಚಿತರ ಭೇಟಿಯೆಂದರೆ ಬಹುಪಾಲು ಅನುಮಾನ, ಅಪರೂಪಕ್ಕೆ ದ್ವೇಷ ಅಥವಾ ಪ್ರೀತಿ ಎಂಬ ಲೋಕಾನುಭವ ಇಲ್ಲಿ ದಾಳದ ಆಯ್ಕೆಯಲ್ಲಿಯೇ ಅಡಗಿದೆ. ಧೃತಿ ಪರೀಕ್ಷೆಯೂ ಹಾಗೆಯೇ: ಗುಂಪಿನಲ್ಲಿ ಮೊದಲ ಸಾವಾದಾಗ, ಮತ್ತೆ ಅರ್ಧದಷ್ಟು ನೆಲಕ್ಕುರುಳಿದಾಗ, ಏಳು ಅಂಕದ ಧೃತಿಯುಳ್ಳ ಗಾಬ್ಲಿನ್ ಎಂಬ ಕುಬ್ಜ ಪ್ರಾಣಿಗಳು ಎಂಟು ಅಥವಾ ಹೆಚ್ಚಿನ ಗರ ಬಿದ್ದರೆ ಓಡುತ್ತವೆ ಇಲ್ಲವೇ ಶರಣಾಗುತ್ತವೆ. ಮೂರನೆಯ ಆವೃತ್ತಿಯಲ್ಲಿ ಪ್ರತಿಕ್ರಿಯೆಯ ಕೆಲಸ ಬಹುಮಟ್ಟಿಗೆ ಆಟಗಾರನ ಹಾಳೆಯ ಮೇಲಿನ ‘ರಾಜತಾಂತ್ರಿಕತೆ’ ಎಂಬ ಕೌಶಲಕ್ಕೆ ಹೋಯಿತು. ಲೋಕದ ಚಿತ್ತವೃತ್ತಿಯಾಗಿದ್ದದ್ದು ನಾಯಕನ ಸ್ವಂತ ಆಸ್ತಿಯಾಯಿತು.

ಸರದಿಯ ಲೆಕ್ಕವನ್ನೂ ಪ್ರತಿಕ್ರಿಯಾ ಕೋಷ್ಟಕವನ್ನೂ ಹಿಡಿದಿಡುವ ಕೀಲು ಅನುಭವಾಂಕ, ಅಂದರೆ ಪಾತ್ರವನ್ನು ಮುಂದಿನ ಮಟ್ಟಕ್ಕೇರಿಸುವ ಗಳಿಕೆ. ಮೋಲ್ಡ್‌ವೇಯಲ್ಲಿ ಹೊರತಂದ ನಿಧಿಯಲ್ಲಿ ಒಂದು ಚಿನ್ನದ ನಾಣ್ಯಕ್ಕೆ ಒಂದು ಅಂಕ, ಕೊಂದ ಗಾಬ್ಲಿನ್‌ಗೆ ಐದು ಅಂಕ. ಎರಡನೆಯ ಮಟ್ಟಕ್ಕೆ 2000 ಅಂಕ ಬೇಕಾದ ಯೋಧನು ಕತ್ತಿಯನ್ನೇ ನಂಬಿದರೆ ತನ್ನ ಪಾಲಿಗೆ 400 ಗಾಬ್ಲಿನ್‌ಗಳನ್ನು ಸಂಹರಿಸಬೇಕು. ಕಾಳಗ ನಷ್ಟದ ವ್ಯಾಪಾರವೆಂದು ಯಾವ ಉಪದೇಶವೂ ಇಲ್ಲದೆ ಲೆಕ್ಕವೇ ಹೇಳುತ್ತದೆ. ಆದ್ದರಿಂದ ಆಟಗಾರ ಮಾತಾಡಿಸುತ್ತಾನೆ, ಲಂಚ ಕೊಡುತ್ತಾನೆ, ಸುತ್ತುಹಾದಿ ಹಿಡಿಯುತ್ತಾನೆ. ಐದನೆಯ ಆವೃತ್ತಿಯಲ್ಲಿ ಗಾಬ್ಲಿನ್‌ಗೆ 50 ಅಂಕ, ಎರಡನೆಯ ಮಟ್ಟಕ್ಕೆ 300; ಆರು ಹೆಣ ಸಾಕು, ಚಿನ್ನಕ್ಕೆ ಕವಡೆ ಕಿಮ್ಮತ್ತೂ ಇಲ್ಲ. ಹೊಸ ಆಟದಲ್ಲಿ ಎಲ್ಲರೂ ಹೊಡೆದಾಡುತ್ತಾರೆಂದು ಕೊರಗುವವರು ಆಟಗಾರರ ಸಂಸ್ಕಾರವನ್ನು ದೂರುವ ಮೊದಲು ಈ ಎರಡು ಸಂಖ್ಯೆಗಳನ್ನು ನೋಡಬೇಕು.

ಮೋಲ್ಡ್‌ವೇಯ ಕಳ್ಳನ ಬಗ್ಗೆ ಮಾತ್ರ ವಿರೋಧಿಗಳ ನಗು ನಿಲ್ಲುವುದಿಲ್ಲ: ಮೊದಲ ಮಟ್ಟದಲ್ಲಿ ಬೀಗ ತೆರೆಯಲು ಶೇಕಡಾ 15, ನೆರಳಲ್ಲಿ ಅಡಗಲು ಶೇಕಡಾ 10. ಇದು ದೋಷವೆಂದು ಒಪ್ಪಿದರೂ, ಸೋಲು ಇಷ್ಟು ನಿಶ್ಚಿತವಾದಾಗ ಜಾಣ ಆಟಗಾರ ದಾಳದ ತನಕ ಹೋಗದೆ ಉಪಾಯದಿಂದ ಕೆಲಸ ಸಾಧಿಸುತ್ತಾನೆಂಬುದನ್ನು ಮರೆಯಲಾಗದು. ಪುಸ್ತಕ ಉದ್ದೇಶಿಸಿರದ ಗುಣವೂ ಅದರ ಗುಣವೇ. ಇಂಥ ರಿಯಾಯಿತಿಯನ್ನು ಮೂರನೆಯ ಆವೃತ್ತಿಗೆ ಏಕೆ ಕೊಡಬಾರದೆಂದು ಕೇಳಿದರೆ, ತನಗೆ ದೋಷವೇ ಇಲ್ಲವೆಂದು ಬೀಗುವ ವ್ಯವಸ್ಥೆಗೆ ರಿಯಾಯಿತಿ ಸಲ್ಲದೆಂಬುದೇ ಉತ್ತರ.

ಕಾವ್ಯಮೀಮಾಂಸೆಯನ್ನು ಓದಿಕೊಂಡ ಕನ್ನಡಿಗರಿಗೆ ಈ ಜಗಳ ಹೊಸದಲ್ಲ. ಆಲಂಕಾರಿಕ ಕ್ಷೇಮೇಂದ್ರನು ಕಾವ್ಯದ ಜೀವವೆಂದು ಕರೆದ ಔಚಿತ್ಯ, ಅಂದರೆ ಯಾವುದು ಎಲ್ಲಿ ಸಲ್ಲುತ್ತದೋ ಅದು ಅಲ್ಲಿರುವುದು, ಏಕರೂಪತೆಯ ಹೆಸರಲ್ಲ. ಕೊರಳ ಹಾರವನ್ನು ಸೊಂಟಕ್ಕೆ ಕಟ್ಟಿದರೆ ಹಾರ ಕೆಡದಿದ್ದರೂ ಅಲಂಕಾರ ಕೆಡುತ್ತದೆ. ಬಾಗಿಲಿಗೂ ಭಯಕ್ಕೂ ಸಂಧಾನಕ್ಕೂ ಒಂದೇ ದಾಳ ಸಾಕೆನ್ನುವ ಅಭಿರುಚಿ ಅರ್ಜಿ ನಮೂನೆಗಳನ್ನು ತಯಾರಿಸುವವರದು: ಅಲ್ಲಿ ಜನನವೂ ಮರಣವೂ ಒಂದೇ ಅಳತೆಯ ಚೌಕಗಳಲ್ಲಿ ತುಂಬಬೇಕು. ಹಳೆಯದರ ಅಭಿಮಾನಿಗಳೂ ಈ ಅಭಿರುಚಿಯಿಂದ ಪಾರಾಗಿಲ್ಲ. 2019ರಲ್ಲಿ ಗ್ಯಾವಿನ್ ನಾರ್ಮನ್ ‘ಓಲ್ಡ್-ಸ್ಕೂಲ್ ಎಸೆನ್ಶಿಯಲ್ಸ್’ ಎಂಬ ಹೆಸರಿನಲ್ಲಿ 1981ರ ನಿಯಮಗಳನ್ನು ಮರುಜೋಡಿಸಿ ಹೊರತಂದಾಗ, ಈ ಅಭಿಮಾನಿಗಳು ಮೊದಲು ಕೊಂಡಾಡಿದ್ದು ಪುಟಗಳ ಅಚ್ಚುಕಟ್ಟನ್ನು. ಆ ಅಚ್ಚುಕಟ್ಟಾದ ಪುಟದಲ್ಲಿಯೂ ಪ್ರತಿಕ್ರಿಯಾ ಕೋಷ್ಟಕಕ್ಕೆ ಎರಡು ದಾಳಗಳೇ ಉಳಿದಿವೆ. ಒಂದೇ ಏಕಾಗಲಿಲ್ಲವೆಂದು ಅವರು ಒಮ್ಮೆ ಕೇಳಿಕೊಂಡಿದ್ದರೆ, 2000ದ ತೀರ್ಪಿಗೆ ಕೊಡಬೇಕಾದ ಉತ್ತರ ಅವರ ಕೈಯಲ್ಲೇ ಇರುತ್ತಿತ್ತು.