ಸೂರ್ಯಾಸ್ತದ ವರದಿಗಾರ

ಹಳೆಯ ಟ್ರಂಕಿನಲ್ಲಿ ನನ್ನ ಲೇಖನಗಳ ಕತ್ತರಿಕೆಗಳು ಸಿಕ್ಕವು. ಪತ್ರಿಕೆಯೊಂದರ ಪುರವಣಿಗೆ ವರ್ಷಗಟ್ಟಲೆ ಪ್ರವಾಸ ಲೇಖನ ಬರೆದವನು ನಾನು. ಉಡುಪಿ, ಮಣಿಪಾಲ, ಕಾಪು, ಕಾರ್ಕಳ ನನ್ನ ಪಾಲಿನ ಊರುಗಳು. ಬೇರೆಯವರ ಪುಸ್ತಕ ವಿಮರ್ಶಿಸುವಾಗ ಹಿಡಿಯುವ ಪೆನ್ಸಿಲನ್ನೇ ಹಿಡಿದು ಓದಲು ಕುಳಿತೆ. ಮೊದಲ ಹತ್ತು ಲೇಖನಗಳಲ್ಲಿ 'ಕಣ್ಮನ ಸೆಳೆಯುವ' ಏಳು ಸಲ ಬಂದಿತ್ತು. ಗುಡ್ಡವಾಗಲಿ ಗುಡಿಯಾಗಲಿ, ಅದೇ ಸೆಳೆತ.

ಕಾಪುವಿನ ದೀಪಸ್ತಂಭದ ಬಗ್ಗೆಯೇ ಐದು ಲೇಖನಗಳಿವೆ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ್ದು ಎಂಬ ಸಾಲು ಐದರಲ್ಲೂ ಇದೆ; ಐದರಲ್ಲೂ ಸೂರ್ಯ ಮುಳುಗುತ್ತಾನೆ. ಕಡಲು ಹಡಗಿನವನಿಗೆ ಭಯದ ಜಾಗವಾಗಿದ್ದರಿಂದಲೇ ಅಲ್ಲಿ ದೀಪ ಬಂತು ಎಂಬುದು ಒಂದರಲ್ಲೂ ಇಲ್ಲ. ಅಲ್ಲಿ ಮೀನು ಮಾರುತ್ತಿದ್ದ ಹೆಂಗಸೊಬ್ಬರು ಒಮ್ಮೆ ನನ್ನನ್ನು ಕೇಳಿದ್ದರು: "ನೀವು ಬರೆದದ್ದೆಲ್ಲ ಸಂಜೆಯದ್ದೇ. ಬೆಳಿಗ್ಗೆ ಇಲ್ಲಿ ಯಾರೂ ಇರುವುದಿಲ್ವಾ ಮಾರಾಯ್ರೆ?" ಆಗ ನಕ್ಕುಬಿಟ್ಟಿದ್ದೆ. ಕೈರಂಪಣಿ ಎಳೆಯುವವರು, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ನಿಂತಾಗ ಮನೆ ನಡೆಸುವವರು, ಇವರೆಲ್ಲ ನನ್ನ ಚಿತ್ರದ ಚೌಕಟ್ಟಿನ ಆಚೆಗಿದ್ದರು. ಅವರಿದ್ದರೆ ಫೋಟೋ 'ಕ್ಲೀನ್' ಆಗುವುದಿಲ್ಲ ಎಂದು ನಾನೇ ಪಕ್ಕಕ್ಕೆ ಸರಿಯಲು ಹೇಳಿದ್ದೂ ಉಂಟು.

ಕಾರ್ಕಳದ ಗತಿ ಇನ್ನೂ ವಿಚಿತ್ರ. 1432ರ 42 ಅಡಿಯ ಬಾಹುಬಲಿಯನ್ನು ನಾನು ಪ್ರತಿಸಲವೂ ಶ್ರವಣಬೆಳಗೊಳದ ಪಕ್ಕದಲ್ಲಿ ನಿಲ್ಲಿಸಿ ಅಳೆದಿದ್ದೇನೆ, ತಮ್ಮನನ್ನು ಅಣ್ಣನ ಪಕ್ಕ ನಿಲ್ಲಿಸುವ ಹಾಗೆ. ಎದುರಿಗೇ ಇರುವ 1586ರ ಚತುರ್ಮುಖ ಬಸದಿಗೆ ಸಿಕ್ಕಿದ್ದು ಒಂದೂವರೆ ಸಾಲು. ನಾಲ್ಕೂ ದಿಕ್ಕಿಗೆ ಬಾಗಿಲಿರುವ ಕಟ್ಟಡದಲ್ಲಿ ಯಾವುದು ಮುಂದು, ಯಾವುದು ಹಿಂದು? ಹಾಗೊಂದು ಪ್ರಶ್ನೆ ಕೇಳಿಕೊಂಡಿದ್ದರೆ ಲೇಖನ ಹುಟ್ಟುತ್ತಿತ್ತು. ನಾನು ಬಸ್ಸಿನ ವೇಳೆ ಬರೆದೆ.

ಇದು ಪ್ರಕಾರದ ದೋಷವೇ, ನನ್ನದೇ? ಮಣಿಪಾಲದಿಂದ 1970ರಲ್ಲಿ ಹೊರಟ 'ಉದಯವಾಣಿ' ಒಂದು ಕಾಲಕ್ಕೆ 'ಕುಗ್ರಾಮ ಗುರುತಿಸಿ' ಎಂಬ ಮಾಲಿಕೆ ನಡೆಸಿತ್ತು. ಅದೂ ಊರೂರು ಸುತ್ತುವ ಬರವಣಿಗೆಯೇ. ಆದರೆ ಅಲ್ಲಿನ ಕ್ರಿಯಾಪದ 'ಗುರುತಿಸಿ', ನನ್ನದು 'ಭೇಟಿ ಕೊಡಿ'. ಒಂದು ಅಲ್ಲಿರುವವರ ಕಡೆಯಿಂದ ನೋಡುತ್ತದೆ, ಇನ್ನೊಂದು ಬಂದು ಹೋಗುವವರ ಕಡೆಯಿಂದ. ಹಾಗಾಗಿ ಪ್ರಕಾರವನ್ನು ಪೂರ್ತಿ ದೂರುವಂತಿಲ್ಲ.

ಮಣಿಪಾಲದ ಹಸ್ತಶಿಲ್ಪದ ಬಗ್ಗೆ ಬರೆದ ತುಣುಕೊಂದು ಮಾತ್ರ ಈಗಲೂ ಓದುವಂತಿದೆ. ವಿಜಯನಾಥ ಶೆಣೈಯವರು ಕೆಡವಲು ಹೊರಟ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಜಾಗ ಅದು. ಆ ದಿನ ನಾನು ಕಂಬಗಳ ಕೆತ್ತನೆಯನ್ನು ಬಿಟ್ಟು, ಕಾಲು ತಾಗಿ ತಾಗಿ ಸವೆದ ಹೊಸ್ತಿಲೊಂದರ ಬಗ್ಗೆ ಬರೆದಿದ್ದೆ. ಅದರಲ್ಲಿ 'ಕಣ್ಮನ' ಇಲ್ಲ. ಪುರವಣಿಯಲ್ಲಿ ಜಾಗ ಸಾಲದೆಂದು ಅದರ ಅರ್ಧವನ್ನು ಕತ್ತರಿಸಿದ್ದರು. ಉಳಿದರ್ಧದ ಪಕ್ಕದಲ್ಲಿ ಪೆನ್ಸಿಲಿನ ಗುರುತು ಹಾಕದೆ ಬಿಟ್ಟಿದ್ದೇನೆ.